ಮುದ್ದೆಗೆ ತಲೆಬಾಗಿದ್ದು

ಎರಡು ತಿಂಗಳ ಕಾಲ ನನ್ನ ಪಾಲಿನ ಮುದ್ದೆಯನ್ನು ಕದ್ದುಮುಚ್ಚಿ ನಮ್ಮ ಹಸುವಿಗೆ ಹಾಕಿದ್ದೇನೆ. ಪುಣ್ಯ ಬರಲೆಂದಲ್ಲ, ಮಾನ ಉಳಿಯಲೆಂದು. ಮುದ್ದೆ ಗಂಟಲಿನ ನಡುದಾರಿಯಲ್ಲಿ ನಿಂತು, ಹಿಂದಕ್ಕೆ ಬರುವುದೋ ಮುಂದಕ್ಕೆ ಹೋಗುವುದೋ ಎಂದು ಯೋಚಿಸುತ್ತಿತ್ತು.

ಅನ್ನ ಉಣ್ಣಬಹುದಿತ್ತಲ್ಲ ಎನ್ನುತ್ತೀರಿ. ಐವತ್ತು ವರ್ಷದ ಹಿಂದೆ ಬಿಳಿಗೆರೆ ಪಕ್ಕದ ಈ ತೋಟದ ಮನೆಗೆ ನಾನು ಸೊಸೆಯಾಗಿ ಬಂದದ್ದು ಕಾನ್ವೆಂಟಿನ ಟೇಬಲ್ ಮ್ಯಾನರ್ಸ್ ಸಮೇತ: ಬ್ಯಾಕ್ ಸ್ಟ್ರೇಟ್, ಚಿನ್ ಅಪ್. ಮೊದಲ ದಿನವೇ ಮುದ್ದೆಗೆ ಸ್ಪೂನ್ ಕೇಳಿದೆ. ಸಾಲದ್ದಕ್ಕೆ, ಸಿಸ್ಟರ್ ಹೇಳಿಕೊಟ್ಟಂತೆ ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿದೆ. ಹೆಂಗಸರೆಲ್ಲ ಸೆರಗನ್ನು ಬಾಯಿಗಿಟ್ಟುಕೊಂಡರು. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಕಿಸದೆ ನುಂಗಬೇಕೆಂದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಆರು ತಿಂಗಳ ಪ್ರಾಕ್ಟೀಸಿನ ನಂತರ ಒಂದು ದಿನ, ಕತ್ತನ್ನು ನೆಟ್ಟಗಿಟ್ಟುಕೊಂಡೇ ಗುಳುಕ್ಕನೆ ನುಂಗಿದೆ. ಅತ್ತೆ ನೋಡಿ, "ಹೂಂ, ಇವ್ಳು ಇನ್ನು ಇಲ್ಲೇ ನಿಲ್ತಾಳೆ ಬುಡು" ಅಂದರು. ಬಿ.ಎ. ಸರ್ಟಿಫಿಕೇಟು ಟ್ರಂಕಿನಲ್ಲಿ ಗೆದ್ದಲು ಪಾಲಾಯಿತು. ಅತ್ತೆ ಬಾಯಲ್ಲಿ ಕೊಟ್ಟದ್ದನ್ನು ಮಾತ್ರ ಐವತ್ತು ವರ್ಷ ಜೋಪಾನ ಮಾಡಿದ್ದೆ. ಈಗ ಗಂಟಲು ಅದನ್ನೇ ವಾಪಸ್ಸು ಕೇಳುತ್ತಿತ್ತು.

ಒಂದು ಬೆಳಿಗ್ಗೆ ನನ್ನ ಓರಗಿತ್ತಿ ಗಂಗಮ್ಮ ಮುಸುರೆ ಬಕೆಟ್ಟಿನಿಂದ ಅರ್ಧ ಮುದ್ದೆ ಎತ್ತಿ ಹಿಡಿದಳು.

"ಏನಕ್ಕಾ ಇದು? ನಾನು ಕಟ್ಟಿದ ಮುದ್ದೆ ನಿನಗೆ ಸೇರಲ್ವಾ?"

"ಸೇರ್ತದೆ ಕಣೇ. ಇಳೀತಿಲ್ಲ."

ಅವಳ ಮುಖ ಬಿಳಿಚಿತು. ಹೆಸರು ಹೇಳಲು ಇಬ್ಬರಿಗೂ ಧೈರ್ಯವಿಲ್ಲದ ಕಾಯಿಲೆಯೊಂದು ನಮ್ಮಿಬ್ಬರ ನಡುವೆ ಕೂತು ತಿಪಟೂರಿನವರೆಗೂ ಬಸ್ಸಿನಲ್ಲಿ ಬಂತು.

ಡಾಕ್ಟರು ಸುಣ್ಣದ ನೀರಿನಂಥದ್ದೇನನ್ನೋ ಕುಡಿಸಿ ಎಕ್ಸ್‌ರೇ ತೆಗೆಸಿದರು. ನಾವು ಹೆದರಿದ್ದ ಕಾಯಿಲೆ ಅದಾಗಿರಲಿಲ್ಲ. ಕತ್ತಿನ ಮೂಳೆಯೇ ಮುಂದಕ್ಕೆ ಬೆಳೆದು, ಗಿಳಿಯ ಕೊಕ್ಕಿನಂತೆ ಚಾಚಿಕೊಂಡು ಅನ್ನನಾಳವನ್ನು ಒತ್ತುತ್ತಿತ್ತು. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿ, ಸುಮ್ಮನೆ ಒಣಗುವುದು ಬಿಟ್ಟು ಮೊಳಕೆ ಒಡೆದಂತೆ. ಈ ವಯಸ್ಸಿನಲ್ಲಿ ಇಂಥ ಉತ್ಸಾಹ ನನ್ನ ಮೂಳೆಗೆ ಎಲ್ಲಿಂದ ಬಂತೋ.

"ಸದ್ಯಕ್ಕೆ ಆಪರೇಷನ್ ಬೇಡಮ್ಮ. ಸಣ್ಣ ತುತ್ತು, ಚೆನ್ನಾಗಿ ಅಗೀರಿ. ನುಂಗೋವಾಗ ಗದ್ದ ಎದೆ ಕಡೆ ಬಗ್ಗಿಸಿ."

ಹೀಗೆ ಅಗಿಯುವುದರಲ್ಲಿ ಸಿಸ್ಟರ್ ಗೆದ್ದರು, ಚಿನ್ ಅಪ್‌ನಲ್ಲಿ ಸೋತರು. ಅತ್ತೆ ಇದ್ದಿದ್ದರೆ ಯಾರ ಕಡೆ ಇರುತ್ತಿದ್ದರೋ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರ ಎದುರಿಗೇ ಕೂತೆ. ಗೋಲಿಯಷ್ಟು ಮುದ್ದೆ ಮುರಿದು, ನಾಚಿಕೆ ಬಿಟ್ಟು ಅಗಿದು, ತಟ್ಟೆಗೆ ನಮಸ್ಕರಿಸುವವಳಂತೆ ತಲೆ ಬಗ್ಗಿಸಿದೆ. ನಿಧಾನವಾಗಿ ಇಳಿಯಿತು. ಗಂಗಮ್ಮ ಅಷ್ಟು ಹೊತ್ತು ತನ್ನ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

"ಐವತ್ ವರ್ಷಕ್ಕೆ ಇವತ್ತು ಈ ಮನೆ ಸೊಸೆ ಥರಾ ಕಾಣ್ತಿದೀಯ ಕಣಕ್ಕಾ" ಅಂದಳು.

ನಗು ಬಂತು. ಆದರೆ ಅಷ್ಟರಲ್ಲಿ ಇನ್ನೊಂದು ತುತ್ತು ಬಾಯಿಗಿಟ್ಟಿದ್ದೆ. ಅದನ್ನು ಅಗಿದು ಮುಗಿಸುವವರೆಗೆ ನಗುವೂ ಕಾಯಬೇಕಾಯಿತು. ಕೊಟ್ಟಿಗೆಯಲ್ಲಿ ಹಸು, ತನ್ನ ಪಾಲು ಇನ್ನೂ ಬರಲಿಲ್ಲವೆಂದು ಕೂಗುತ್ತಿತ್ತು.