ಪುಲಕೇಶಿಯ ಆನೆಯ ಗಂಟೆ

ಹಡಪಸರದ ಒಂದು ಖಾಸಗಿ ಶಾಲೆಯಲ್ಲಿ ಆರನೆಯ ತರಗತಿಗೆ ಇತಿಹಾಸ ಕಲಿಸುವ ಮಾರ್ತಾಂಡನಿಗೆ ವಯಸ್ಸು ಇಪ್ಪತ್ತೆಂಟು. ನೌಕರಿ ಮೂರು ವರ್ಷದಿಂದ ಹಂಗಾಮಿ, ಮೀಸೆ ಅದಕ್ಕಿಂತ ಹಂಗಾಮಿ. ಪುಣೆಯಲ್ಲಿ ಇತಿಹಾಸದ ಮಾಸ್ತರನಾಗುವುದೆಂದರೆ ಮೀನಿಗೆ ಈಜು ಹೇಳಿಕೊಡುವ ಕೆಲಸ. ಇಲ್ಲಿ ರಿಕ್ಷಾದವನಿಗೂ ಯಾವ ಕೋಟೆ ಯಾವ ತಿಥಿಗೆ ಕೈವಶವಾಯಿತೆಂಬುದು ಬಾಯಿಪಾಠ. ಮಾರ್ತಾಂಡನಿಗೆ ಮಾತ್ರ ಪುಸ್ತಕದೊಳಗೆ ಬೆರಳಿಟ್ಟುಕೊಳ್ಳದೆ ಒಂದು ಇಸವಿಯೂ ಬರುತ್ತಿರಲಿಲ್ಲ.

ಮಕ್ಕಳ ಕೈಗೆ ಸಿಕ್ಕಿಬೀಳಬಾರದೆಂದು ಅವನು ಒಂದು ಉಪಾಯ ಮಾಡಿದ್ದ. ಹಲಗೆಯ ನಡುವೆ ಒಂದು ಗೆರೆ. ಎಡಕ್ಕೆ ಇತಿಹಾಸ, ಬಲಕ್ಕೆ ಪುರಾಣ. ಯಾರು ಏನೇ ಹೇಳಲಿ, ಮಕ್ಕಳು “ಪುರಾವೆ ಎಲ್ಲಿದೆ?” ಎಂದು ಕೇಳಬೇಕು. ಇದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ. ಬಲಕ್ಕೆ ಹೋದದ್ದು ಸುಳ್ಳಲ್ಲ, ಅದಕ್ಕೆ ಕೇಳುವ ಪ್ರಶ್ನೆಯೇ ಬೇರೆ ಎಂದೂ ಅವನು ಹೇಳಿದ್ದ. ಮಕ್ಕಳು ಆ ಮಾತನ್ನು ಬಿಟ್ಟು ಪುರಾವೆಯನ್ನಷ್ಟೇ ನೆನಪಿಟ್ಟರು. ಹತ್ತು ತಲೆಯ ರಾವಣ ಮಗ್ಗುಲಾಗಿ ಮಲಗುವುದು ಹೇಗೆಂದು ಸಾತ್ವಿಕ ವಾಘಮಾರೆ ಕೇಳಿದ ದಿನ ಮಾರ್ತಾಂಡ ಅದನ್ನೇ ಮನೆಪಾಠ ಕೊಟ್ಟು ಪಾರಾದ.

ಈ ವರ್ಷ ಅವನ ನೌಕರಿಯ ಪ್ರಶ್ನೆ ಇತ್ಯರ್ಥವಾಗುವುದಿತ್ತು. ಆಡಳಿತ ಮಂಡಳಿಯ ಅಪ್ಪಾಸಾಹೇಬರು ಒಂದು ಪಾಠ ಕೂತು ನೋಡುತ್ತಾರೆ, ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಜೂನ್‌ನಿಂದ ಬೇರೊಬ್ಬರು ಎಂದು ಮುಖ್ಯೋಪಾಧ್ಯಾಯಿನಿ ನೀತಾ ಮೇಡಂ ಹೇಳಿದ್ದರು. ಬರೀ ಬಾಯಿ ಬೇಡ, ಏನಾದರೂ ವಸ್ತು ತಂದು ತೋರಿಸಿ ಎಂಬ ಸಲಹೆಯನ್ನೂ ಕೊಟ್ಟಿದ್ದರು.

ಅದೃಷ್ಟಕ್ಕೆ ಪಾಠ ಇಮ್ಮಡಿ ಪುಲಕೇಶಿಯದು, ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದು ನಿಲ್ಲಿಸಿದ ಬಾದಾಮಿಯ ದೊರೆ. ಮಾರ್ತಾಂಡನ ಮನೆತನ ಬೈಲಹೊಂಗಲದ ಕಡೆಯದು. ಅಜ್ಜ ಅಂಬಣ್ಣ ಗುಮಾಸ್ತಿಕೆಗೆಂದು ಪುಣೆಗೆ ಬಂದವನು. ವಸ್ತುವೂ ಮನೆಯಲ್ಲೇ ಇತ್ತು. ದೇವರ ಕೋಣೆಯಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಂಚಿನ ಗಂಟೆ, ದೀಪದ ಮಸಿ ಕುಡಿದು ಕಪ್ಪಾದದ್ದು. ಅದು ಪುಲಕೇಶಿಯ ಆನೆಯ ಕೊರಳಿನದು, ಆ ಆನೆಯ ಮಾವುತ ನಮ್ಮ ಮೂಲಪುರುಷ ಎಂದು ಅಜ್ಜಿ ಕಾಶವ್ವ ಅವನಿಗೆ ಮೂರನೆಯ ವರ್ಷದಿಂದಲೂ ಹೇಳಿದ್ದಳು. ಎದುರಿನವರೆಲ್ಲ ತಂತಮ್ಮ ಕೋಟೆಗಳ ಮಾತಾಡುವ ಊರಿನಲ್ಲಿ ಅವನು ತಲೆ ಎತ್ತಿ ನಡೆದದ್ದೇ ಆ ಗಂಟೆಯ ಬಲದ ಮೇಲೆ.

ಬೆಳಿಗ್ಗೆ ಅವನು ಗಂಟೆ ಇಳಿಸುವಾಗ ಕಾಶವ್ವ ಯಾಕೆಂದು ಕೇಳಿದಳು. ಸಾಲ್ಯಾಗ ಪುಲಕೇಶಿ ಪಾಠ ಅದ ಅಂದ. ಅಜ್ಜಿ ಏನೋ ಹೇಳಲು ಬಾಯಿ ತೆರೆದು, ಅವನ ಇಸ್ತ್ರಿ ಅಂಗಿ ನೋಡಿ ಮುಚ್ಚಿಕೊಂಡಳು. “ಸೋಮವಾರ ಪೂಜಿ ಅದ, ಜಲ್ದಿ ವಾಪಸ್ ತಾ” ಎಂದಷ್ಟೇ ಹೇಳಿದಳು.

ಶಿರೂರಿನಿಂದ ಬಂದ ಅಪ್ಪಾಸಾಹೇಬರು ದಪ್ಪ ಮೀಸೆಯ ಭಾರಿ ಆಳು. ಕೊನೆಯ ಬೆಂಚಿನಲ್ಲಿ ಮಂಡಿ ಸಿಕ್ಕಿಸಿಕೊಂಡು ಕೂತರು, ಪಕ್ಕದಲ್ಲಿ ನೀತಾ ಮೇಡಂ. ಮಾರ್ತಾಂಡ ಪುಲಕೇಶಿಯನ್ನು ಹಲಗೆಯ ಎಡಕ್ಕೆ ಬರೆದ. ಪುರಾವೆ ಎಂದು ಮಕ್ಕಳು ಕೂಗಿದ್ದಕ್ಕೆ ಐಹೊಳೆಯ ಶಾಸನ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಗಂಡಾಂತರವಿರಲಿಲ್ಲ. ಆದರೆ ಕೊನೆಯ ಬೆಂಚಿನ ಮೀಸೆ ತುಸು ಅಲುಗಿದಂತೆ ಕಂಡು ಅವನಿಗೆ ಹುರುಪು ಬಂತು. ಚೀಲದಿಂದ ಗಂಟೆ ತೆಗೆದು ಮೇಜಿನ ಮೇಲಿಟ್ಟು ಆನೆ, ಮಾವುತ, ತನ್ನ ವಂಶ ಎಲ್ಲವನ್ನೂ ಎಡಕ್ಕೆ ಬರೆಯತೊಡಗಿದ.

ಸಾತ್ವಿಕ ಎದ್ದು ನಿಂತ. ತಮ್ಮ ಮನೆತನದ ಹೆಸರು ವಾಘಮಾರೆ, ಹುಲಿ ಕೊಂದವರಂತೆ. ಆದರೆ ತನ್ನಜ್ಜ ಬೆಕ್ಕಿಗೂ ಹೆದರುತ್ತಾನೆ, ಅದನ್ನು ಯಾವ ಕಡೆ ಬರೆಯುವುದು ಎಂದು ವಿನಯದಿಂದ ಕೇಳಿದ. ಮಾರ್ತಾಂಡ ಅವನನ್ನು ಕೂರಿಸಿ, ಇಲ್ಲಿ ಪುರಾವೆಯೇ ಮೇಜಿನ ಮೇಲಿದೆ, ಬಂದು ಪರೀಕ್ಷಿಸಿ ಎಂದ. ವಸ್ತುವನ್ನು ಒಳಗೂ ಹೊರಗೂ ನೋಡಬೇಕೆಂದು ಅವರಿಗೆ ಕಲಿಸಿದವನೂ ಅವನೇ.

ಸಾಸವಡದಿಂದ ದಿನಾ ಬಸ್ಸಿನಲ್ಲಿ ಬರುವ ನೀಲಿಮಾ ಭೂತಗನ್ನಡಿ ಹಿಡಿದು ಗಂಟೆಯನ್ನು ಬೋರಲು ಮಾಡಿದಳು. ಕರವಸ್ತ್ರದಿಂದ ಒಳಗಿನ ಮಸಿಯನ್ನು ಒಂದೇ ಸಮನೆ ತಿಕ್ಕಿದಳು. “ಸರ್, ಒಳಗೆ ಚುಕ್ಕಿ ಚುಕ್ಕಿ ಅಕ್ಷರ ಇದೆ. ನಮಗೆ ಓದೋಕೆ ಬರಲ್ಲ.”

ಅಪ್ಪಾಸಾಹೇಬರು ಬೆಂಚಿನಿಂದ ಮಂಡಿ ಬಿಡಿಸಿಕೊಂಡು ಎದ್ದೇ ಬಂದರು. ಕಣ್ಣು ಕಿರಿದು ಮಾಡಿ, ಇದು ಹಳೆಯ ಶಾಸನದ ಲಿಪಿಯೇ ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು, ಗುಡಿಯಲ್ಲಿ ನಿಂತವರ ಹಾಗೆ.

ಮಾರ್ತಾಂಡ ಬಾಗಿ ನೋಡಿದ. ಪಾತ್ರೆ ಅಂಗಡಿಯವರು ಲಗ್ನದ ಪಾತ್ರೆಗಳ ಮೇಲೆ ಚಾಣದಿಂದ ಕುಟ್ಟಿ ಹೆಸರು ಹಾಕಿಕೊಡುತ್ತಾರಲ್ಲ, ಆ ಚುಕ್ಕಿಗಳೇ. ಕನ್ನಡ ಅಕ್ಷರ, ಕನ್ನಡ ಅಂಕಿ. ‘ಅಂಬಣ್ಣನ ಲಗ್ನಕ್ಕೆ ಸೋದರತ್ತಿ ಚನ್ನಬಸವ್ವನ ಆಯೇರಿ, ೧೯೬೪.’

ಆ ಕೋಣೆಯಲ್ಲಿ ಕನ್ನಡ ಓದಬಲ್ಲವನು ಅವನೊಬ್ಬನೇ. ಅಕ್ಷರವೂ ಅಂಕಿಯೂ ಅವರಿಗೆ ಬರೀ ಚುಕ್ಕಿ. ಶ್ರೀ ಪೃಥ್ವೀವಲ್ಲಭ ಎಂದು ಪುಲಕೇಶಿಯ ಬಿರುದಿನಿಂದ ಶುರುಮಾಡಿ ನಾಲ್ಕು ಸಾಲು ಹೇಳಿದ್ದರೆ ಮಧ್ಯಾಹ್ನದೊಳಗೆ ಕಾಯಂ ಪತ್ರ. ಹೇಳಲಿಲ್ಲವೆಂದರೆ ಅದು ಸತ್ಯಸಂಧತೆಯಿಂದ ಎಂದು ಯಾರೂ ತಿಳಿಯಬಾರದು. ‘ಶ್ರೀ’ ಎಂಬಲ್ಲಿಯವರೆಗೆ ಅವನ ಬಾಯಿ ಹೋಗಿತ್ತು. ಅಷ್ಟರಲ್ಲಿ ನೀಲಿಮಾ ಸೀಮೆಸುಣ್ಣ ಹಿಡಿದು ಹಲಗೆಯ ಎಡಬದಿಯಲ್ಲಿ ಹೋಗಿ ನಿಂತಳು, ಅವನು ಏನು ಹೇಳಿದರೂ ಬರೆದುಕೊಳ್ಳಲು ತಯಾರಾಗಿ. ಆ ಹುಡುಗಿ ಅದನ್ನು ಪರೀಕ್ಷೆಯಲ್ಲೂ ಬರೆಯುತ್ತಾಳೆ, ನಾಳೆ ತನ್ನ ಮಕ್ಕಳಿಗೂ ಹೇಳುತ್ತಾಳೆ ಅನ್ನಿಸಿ ಅವನು ಆ ‘ಶ್ರೀ’ಯನ್ನು ಅಲ್ಲಿಗೇ ನುಂಗಿದ.

ಇದ್ದದ್ದನ್ನು ಇದ್ದ ಹಾಗೆ ಓದಿ ಮರಾಠಿಯಲ್ಲಿ ಅರ್ಥ ಹೇಳಿದ. ಆಯೇರಿ ಅಂದರೆ ನಿಮ್ಮ ಆಹೇರ್, ಮದುವೆಯ ಉಡುಗೊರೆ ಎಂದ. ಅಂಬಣ್ಣ ತನ್ನಜ್ಜ, ಮಾವುತನಲ್ಲ, ಎಲ್‌ಐಸಿ ಗುಮಾಸ್ತ ಎಂದೂ ಸೇರಿಸಿದ. ಮಕ್ಕಳು ಅಪ್ಪಾಸಾಹೇಬರ ಮುಖ ನೋಡಿ ನಗು ತಡೆದುಕೊಂಡರು, ಸಾತ್ವಿಕನೊಬ್ಬನಿಗೆ ಆಗಲಿಲ್ಲ.

ನೀಲಿಮಾ ಆನೆಯನ್ನೂ ಮಾವುತನನ್ನೂ ಒರೆಸಿ ಬಲಕ್ಕೆ ಬರೆದಳು. ಆಮೇಲೆ ಎಡಕ್ಕೆ ಬಂದು, ಪುಲಕೇಶಿಯ ಕೆಳಗೆ, ‘ಚನ್ನಬಸವ್ವ, 1964, ಗಂಟೆ ಕೊಟ್ಟಳು’ ಎಂದು ದೇವನಾಗರಿಯಲ್ಲಿ ಬರೆದಳು. “ಇದಕ್ಕೆ ಪುರಾವೆ ಇದೆಯಲ್ಲ, ಸರ್.”

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಪಾಠದಲ್ಲಿ ಹರ್ಷ ಇನ್ನೂ ನರ್ಮದೆಗೆ ಬಂದಿರಲೇ ಇಲ್ಲ.

ಹೊರಗೆ ಕಾರಿಡಾರಿನಲ್ಲಿ ಅಪ್ಪಾಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟು ಒತ್ತಟ್ಟಿಗೆ ಕರೆದೊಯ್ದರು. ಶಿರೂರಿನ ತಮ್ಮ ಮನೆಯಲ್ಲೂ ಒಂದು ಕತ್ತಿ ಇದೆ, ಮೂರು ಯುದ್ಧ ನೋಡಿದ್ದಂತೆ, ದಸರೆಗೆ ಪೂಜೆ ಮಾಡುತ್ತೇವೆ ಎಂದರು. ಆ ಹುಡುಗಿ ಒಮ್ಮೆ ಬಂದು ನೋಡಬಹುದೇ ಎಂದು ಕೇಳಿದವರು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು. “ಬೇಡ ಮಾಸ್ತರ್. ಇರಲಿ ಬಿಡಿ.”

ಸಂಜೆ ನೀತಾ ಮೇಡಂ ಷರಾ ಪುಸ್ತಕ ತೋರಿಸಿದರು. ‘ಪಾಠ ಮುಗಿಯಲಿಲ್ಲ. ಮಾಸ್ತರರನ್ನು ಕಾಯಂ ಮಾಡಬಹುದು. ಮನೆಯ ಸಾಮಾನು ತರಬಾರದು.’

ಮನೆಗೆ ಬಂದವನು ನೌಕರಿಯ ಸುದ್ದಿಗೂ ಮೊದಲು ಗಂಟೆಯನ್ನು ಬೋರಲು ಮಾಡಿ ಅಜ್ಜಿಯ ಮುಂದೆ ಹಿಡಿದ. ಕಾಶವ್ವ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ನನ್ನ ಲಗ್ನದ್ದು ನನಗ ಗೊತ್ತಿಲ್ಲೇನು? ನೀ ಮೂರು ವರ್ಷದಾಂವಿದ್ದಿ, ತುತ್ತು ಬಾಯಾಗ ಇಟ್ಟಕೊಂಡು ನುಂಗತಿರಲಿಲ್ಲ. ಆನಿ ಬಂತು ನೋಡು ಅಂದೆ, ನುಂಗಿದಿ.”

“ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲಬೇ?”

“ನೀ ಎಲ್ಲಿ ಕೇಳಿದಿ?” ಎಂದು ಅಜ್ಜಿ ಹುಣಸೆಹಣ್ಣು ನೆನೆಹಾಕಲು ಎದ್ದಳು. ಹ್ಯಾಂಗೂ ಅರ್ಧ ಮಸಿ ಹೋಗೇದ, ಉಳಿದದ್ದನ್ನೂ ತಿಕ್ಕು, ಸೋಮವಾರದೊಳಗ ಬೆಳ್ಳಗಾಗಲಿ ಎಂದು ಗಂಟೆಯನ್ನು ಅವನ ಕೈಗೇ ಕೊಟ್ಟಳು. ಕಾಯಂ ಮಾಸ್ತರ ಅಂಗಿಯ ತೋಳು ಮಡಚಿ ಬಚ್ಚಲಿನಲ್ಲಿ ಕೂತ.