ಕೆಂಪು ದಾರದ ಚಿಮಟ

ಹೆಟ್ಟಿ ಆಕ್ರಾಯ್ಡಳನ್ನು ಮೋಸಗೊಳಿಸುವುದು ಯಾರಿಂದಲೂ ಆಗುವುದಿಲ್ಲ ಎಂದು ಥಾರ್ನ್‌ಬೆಕ್ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವಳೇ ಹೇಳಿಕೊಳ್ಳುತ್ತಿದ್ದಳು. ಮಾಂಸದಂಗಡಿಯಲ್ಲಿ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟೇ ಕುಶಲ ವಿಚಾರಿಸುವಳು. ಹಾಲಿನವನು ಒಂದು ದಿನ ಹೆಚ್ಚಿಗೆ ನಕ್ಕರೆ ಬಾಟಲಿಯನ್ನು ಮೂಸಿ ನೋಡುವಳು. ಬೇರೆಯವರ ಮನೆಯಲ್ಲಿ ಟೀ ಕೊಟ್ಟರೂ ಅಷ್ಟೇ, ಮೊದಲು ಮೂಗು, ಆಮೇಲೆ ಬಾಯಿ.

ಪಾಪ, ಅದರಲ್ಲಿ ಅರ್ಧ ತಪ್ಪು ಅವಳ ಕಸುಬಿನದು. ಶಾಲೆ ಬಿಟ್ಟಾಗಿನಿಂದ ಹೆಟ್ಟಿ ಉಣ್ಣೆ ಗಿರಣಿಯ ದುರಸ್ತಿ ಕೋಣೆಯಲ್ಲಿ ದುಡಿದವಳು. ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಬೆರಳಾಡಿಸಿ, ಕಣ್ಣಿಗೆ ಕಾಣದ ಗಂಟನ್ನು ಪತ್ತೆಮಾಡಿ, ಚಿಮಟದಿಂದ ಎತ್ತಿ ಕೀಳುವುದು ಅಲ್ಲಿನ ಹೆಂಗಸರ ಕೆಲಸ. ಬಟ್ಟೆ ಚೆನ್ನಾಗಿದೆ ಎಂದು ಹೇಳುವುದಕ್ಕೆ ಆ ಕೋಣೆಯಲ್ಲಿ ಯಾರಿಗೂ ಕೂಲಿ ಕೊಡುತ್ತಿರಲಿಲ್ಲ.

ಚಿಮಟ ಅವರವರ ಸ್ವಂತದ್ದು. ಅದಲುಬದಲು ಆಗದಿರಲೆಂದು ಹಿಡಿಗೆ ಬಣ್ಣದ ದಾರ ಸುತ್ತಿಕೊಳ್ಳುವರು. ಹೆಟ್ಟಿಯದು ಕೆಂಪು, ಪಕ್ಕದ ಮೇಜಿನ ಬೀಟಿಯದು ನೀಲಿ. ಇಬ್ಬರೂ ಒಂದೇ ಡಬ್ಬಿಯಿಂದ ರೊಟ್ಟಿ ತಿಂದವರು. ಗಿರಣಿಗೆ ಬೀಗ ಬೀಳುವ ವಾರ ಕೆಂಪು ದಾರದ ಚಿಮಟ ಕಾಣೆಯಾಯಿತು. ಎಲ್ಲರ ಎದುರಿಗೇ ಹೆಟ್ಟಿ ಬೀಟಿಯ ಕಡೆ ತಿರುಗಿದಳು. ಬೀಟಿ ತನ್ನ ಚೀಲವನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಕರವಸ್ತ್ರ, ಪೆಪ್ಪರ್‌ಮಿಂಟು, ನೀಲಿ ದಾರದ ಚಿಮಟ.

"ಸಿಕ್ತಾ?" ಎಂದಳು ಬೀಟಿ.

"ಕದ್ದ ಮಾಲನ್ನ ಚೀಲದಲ್ಲೇ ಇಟ್ಕೊಂಡು ತಿರುಗೋಷ್ಟು ಪೆದ್ದಿ ಅಲ್ಲ ಬಿಡು ನೀನು" ಎಂದಳು ಹೆಟ್ಟಿ.

ಅದೇ ಕೊನೆ. ಆಮೇಲೆ ವರ್ಷಗಟ್ಟಲೆ ಇಬ್ಬರ ನಡುವೆ ಮಾತಿಲ್ಲ.

ನಮ್ಮ ಕಣಿವೆಯಲ್ಲಿ ಗಂಡಸಾದವನಿಗೆ ಪಾರಿವಾಳದ ಹುಚ್ಚಾದರೂ ಇರಬೇಕು, ಗಿನಿಯಿಲಿಯ ಹುಚ್ಚಾದರೂ ಇರಬೇಕು. ಹೆಟ್ಟಿಯ ಗಂಡ ಕ್ಲಿಫರ್ಡನಿಗೆ ಎರಡನೆಯದು. ಹಿತ್ತಲ ಶೆಡ್ಡಿನಲ್ಲಿ ಅವನು ಅಪ್ಪಟ ಕರಿ ಗಿನಿಯಿಲಿಗಳನ್ನು ಸಾಕಿದ. ಸುಲ್ತಾನ್ ಎಂಬ ಗಂಡು ಗಿನಿಯಿಲಿ ಪ್ರದರ್ಶನದಲ್ಲಿ ಜಿಲ್ಲೆಗೇ ಮೊದಲು ಬಂದು ಬೆಳ್ಳಿಯ ಕಪ್ಪು ತಂದಿತು. ಪ್ರದರ್ಶನದ ಹಿಂದಿನ ಸಂಜೆ ಕ್ಲಿಫರ್ಡ್ ಶೆಡ್ಡಿನ ಬಾಗಿಲು ಹಾಕಿಕೊಂಡು ಪ್ರಾಣಿಗಳನ್ನು ಸಿಂಗರಿಸುತ್ತಿದ್ದ. ಗಂಡಸಿಗೂ ಒಂದು ಮೂಲೆ ಬೇಕಲ್ಲ ಎಂದು ಹೆಟ್ಟಿ ಅತ್ತ ಹೋಗುತ್ತಿರಲಿಲ್ಲ. ಒಮ್ಮೊಮ್ಮೆ ಅವನು ಸುದ್ದಿಪತ್ರಿಕೆಯಲ್ಲಿ ಏನನ್ನೋ ಸುತ್ತಿಕೊಂಡು ಹೊರಗೆ ಬಂದು, "ಒಂದು ಸತ್ತು ಹುಟ್ತು ಕಣೆ" ಎಂದು ಹೇಳಿ ಹಿತ್ತಲಲ್ಲಿ ಹೂಳುತ್ತಿದ್ದ.

ಅವನು ತೀರಿಕೊಂಡ ಮೇಲೆ ಕರಿಯ ಸಂತಾನವೆಲ್ಲ ಅವನ ಗೆಳೆಯ ಸೆಲ್ವಿನ್ ಬೂತ್ ಎಂಬುವನ ಪಾಲಾಯಿತು. ಹೆಟ್ಟಿ ತನಗೆಂದು ಅದೇ ಶೆಡ್ಡಿನಲ್ಲಿದ್ದ ನರೆಮೈಯವನ್ನು ಇಟ್ಟುಕೊಂಡಳು, ಕರಿ ಕೂದಲೂ ಬಿಳಿ ಕೂದಲೂ ಒಂದರೊಳಗೊಂದು ಬೆರೆತು ಮುದುಕರ ಗಡ್ಡದಂತೆ ಕಾಣುವ ಜಾತಿ. ಸೆಲ್ವಿನ್ನನ ವ್ಯಾನಿನಲ್ಲಿ ಪ್ರದರ್ಶನಗಳಿಗೆ ಹೋಗುವುದು, ದಾರಿಯಲ್ಲಿ ಹಂದಿಮಾಂಸದ ಕಡುಬು ತಿನ್ನುವುದು, ತೀರ್ಪುಗಾರರನ್ನು ಬೈಯುತ್ತ ಮನೆಗೆ ಬರುವುದು. ವಿಧವೆಗೆ ಇದ್ದ ಲೋಕ ಅಷ್ಟೇ.

ಪ್ರದರ್ಶನ ನಡೆಯುವುದು ಚಾಪೆಲ್ಲಿನ ಹಜಾರದಲ್ಲಿ. ಅಲ್ಲಿ ಟೀ ಮಾಡುವವಳು ಬೀಟಿ. ಬೇಡವಾದ ಗಿನಿಯಿಲಿಗಳನ್ನು ಜನ ಅವಳ ಮನೆಯ ಮೆಟ್ಟಿಲ ಮೇಲೆ ಬಿಟ್ಟುಹೋಗುತ್ತಿದ್ದರು, ಅವಳು ಸಾಕುತ್ತಿದ್ದಳು. ಟೀ ಮೇಜಿನ ಮೇಲೆ ಪ್ರಾಣಿದಯೆಯ ಕರಪತ್ರ ಇಡುತ್ತಿದ್ದಳು. ಗಿನಿಯಿಲಿ ಕ್ಲಬ್ಬಿನವರಿಗೆ ಅದು ಹಿಡಿಸುತ್ತಿರಲಿಲ್ಲ. ಟೀ ಚೆನ್ನಾಗಿರುತ್ತಿತ್ತೆಂದು ಸುಮ್ಮನಿದ್ದರು. ಹೆಟ್ಟಿ ಮಾತ್ರ ಮನೆಯಿಂದ ಫ್ಲಾಸ್ಕು ತರುತ್ತಿದ್ದಳು. ಬೀಟಿ ಇಲ್ಲಿನ ಸುದ್ದಿಯನ್ನೆಲ್ಲ ಪ್ರಾಣಿದಯೆಯವರಿಗೆ ಮುಟ್ಟಿಸುವ ಗೂಢಚಾರಿಣಿ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಕಳೆದ ಶರತ್ಕಾಲದ ಪ್ರದರ್ಶನದಲ್ಲಿ ಬೀಟಿ ಸಕ್ಕರೆ ಕದಡುತ್ತಲೇ ಗಟ್ಟಿಯಾಗಿ ಕೇಳಿದಳು. "ಬಹುಮಾನ ಬಂದವನ್ನೆಲ್ಲ ನೋಡಿದೀನಪ್ಪ. ಕುರುಡಾಗಿ, ಸೊಟ್ಟ ಹಲ್ಲಾಗಿ ಹುಟ್ಟೋವು ಇರ್ತಾವಲ್ಲ, ಅವನ್ನ ಏನು ಮಾಡ್ತೀರಿ?"

ಉತ್ತರ ಕೊಟ್ಟವಳು ಹೆಟ್ಟಿಯೇ, ಅದೂ ಬೀಟಿಯನ್ನು ನೋಡದೆ, ಗೋಡೆಗೆ. "ಕಸುಬು ಗೊತ್ತಿರೋರ ಮನೇಲಿ ಅಂಥವು ಹುಟ್ಟಲ್ಲ. ಆಕ್ರಾಯ್ಡರ ಮನೇಲಂತೂ ಒಂದೂ ಹುಟ್ಟಿಲ್ಲ."

ಜನವರಿಯಲ್ಲಿ ಹೆಟ್ಟಿಯ ನರೆಮೈ ಹೆಣ್ಣು ಪ್ಯಾನ್ಸಿ ಈದಿತು. ಎರಡು ಮರಿ ಗುಂಡುಗುಂಡಗೆ ಓಡಾಡಿಕೊಂಡಿದ್ದವು. ಮೂರನೆಯದು ಬೆಳ್ಳಗಿತ್ತು. ಹುಲ್ಲಿನ ಮೂಲೆಯಲ್ಲಿ ತಲೆ ಆಡಿಸುತ್ತ ನಿಂತಿತ್ತು. ಕಣ್ಣಿರಬೇಕಾದ ಜಾಗದಲ್ಲಿ ಬರೀ ಕೂದಲು. ಹೆಟ್ಟಿ ಬಾಯಿ ತೆರೆದು ನೋಡಿದಳು, ಹಲ್ಲು ಒಂದು ಅತ್ತ ಒಂದು ಇತ್ತ.

ನರೆಮೈಗೆ ನರೆಮೈ ಕೂಡಿಸಬಾರದು. ಕ್ಲಬ್ಬಿಗೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅದು, ಕೂಡಿಸಿದರೆ ಕೆಲವು ಹೀಗೆಯೇ ಹುಟ್ಟುತ್ತವೆ. ಆದರೆ ಪ್ಯಾನ್ಸಿಯ ಜೊತೆ ಬಿಟ್ಟಿದ್ದು ಸೆಲ್ವಿನ್ನನ ಡ್ಯೂಕನ್ನು. ಅದು ಸುಲ್ತಾನನ ಮರಿಮಗ, ಇದ್ದಿಲಿನಷ್ಟು ಕಪ್ಪು. ಹಾಗೆ ಕಾಣುತ್ತಿತ್ತು.

ಹೆಟ್ಟಿ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಲೆಯ ಪಕ್ಕ ಇರಿಸಿದಳು, ಡ್ರಾಪರಿನಲ್ಲಿ ಹಾಲು ಹನಿಸಿದಳು. ಅದು ಅವಳ ಬೆರಳನ್ನೇ ತಾಯಿಯೆಂದು ತಿಳಿದು ಚೀಪಿತು. ಚೀಪಿಸಿಕೊಳ್ಳುತ್ತ ಅವಳು ಹಿಂದಿನದನ್ನೆಲ್ಲ ಕೆದಕಿದಳು. ಡ್ಯೂಕನ ಮೈಯನ್ನು ತಾನೇ ಬಾಚುತ್ತೇನೆಂದಾಗ ಸೆಲ್ವಿನ್ ಬೇಡವೆಂದಿದ್ದ. ಕೆಲವೇ ದಿನಕ್ಕೆ ಬಂದು, ಶೀತವಾದೀತು ಎಂದು ಹೇಳಿ, ಅವಸರದಲ್ಲಿ ಹೊತ್ತುಕೊಂಡು ಹೋಗಿದ್ದ. ಆವತ್ತು ಬಿಸಿಲಿತ್ತು.

ಎಲ್ಲಾದರೂ ಬಿಳಿ ಕೂದಲಿದ್ದು, ಅದನ್ನು ಕಿತ್ತುಹಾಕಿದ್ದರೆ? ವಸಂತದ ಪ್ರದರ್ಶನದಲ್ಲಿ ಡ್ಯೂಕ್ ಗೆಲ್ಲುವುದು ಖಚಿತವೆಂದು ಊರೇ ಆಡಿಕೊಳ್ಳುತ್ತಿತ್ತು. ಗೆದ್ದರೆ ಕಣಿವೆಯ ಅರ್ಧಕ್ಕರ್ಧ ಶೆಡ್ಡಿನವರು ತಮ್ಮ ಹೆಣ್ಣುಗಳಿಗೆ ಅದನ್ನೇ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಎಷ್ಟು ಮನೆಯಲ್ಲಿ ಇಂಥ ರಟ್ಟಿನ ಪೆಟ್ಟಿಗೆ, ಎಷ್ಟು ಮನೆಯಲ್ಲಿ ಮರಿ ಮುಳುಗಿಸುವ ಬಕೆಟ್ಟು ನೀರು! ಆದರೆ ಬಾಯಿಬಿಟ್ಟು ಸೆಲ್ವಿನ್ನನನ್ನು ಕೇಳಿ, ತನ್ನ ಅನುಮಾನ ಸುಳ್ಳಾದರೆ ವ್ಯಾನೂ ಹೋಯಿತು, ಗೆಳೆಯನೂ ಹೋದ. ಒಬ್ಬಳನ್ನು ಹಾಗೆ ಕಳೆದುಕೊಂಡಾಗಿತ್ತು. ಅವಳು ಕದ್ದಿದ್ದಳು ಎಂದು ಹೆಟ್ಟಿ ಈಗಲೂ ಹೇಳುವಳು, ಆ ಮಾತು ಬೇರೆ.

ಫೆಬ್ರವರಿಯಲ್ಲಿ ಸೆಲ್ವಿನ್ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ. ಶೆಡ್ಡಿನ ಬೀಗದ ಕೈ ಹೆಟ್ಟಿಗೇ ಬಂತು. ಜೊತೆಗೊಂದು ಮಾತೂ ಬಂತು: "ಡ್ಯೂಕನ್ನ ಜಾಸ್ತಿ ಮುಟ್ಟೋಕೆ ಹೋಗ್ಬೇಡ ತಾಯಿ, ಬೇರೆಯವರು ಮುಟ್ಟಿದ್ರೆ ಬೆದರ್ತಾನೆ." ಹೆಟ್ಟಿ ಅವತ್ತೇ ಡ್ಯೂಕನ್ನು ಬುಟ್ಟಿಯಲ್ಲಿ ಹಾಕಿ ತನ್ನ ಅಡುಗೆಮನೆಗೆ ತಂದಳು. ಬೆದರುವ ಪ್ರಾಣಿ ಅವಳ ಮಡಿಲಲ್ಲಿ ಹಾಯಾಗಿ ಎಲೆಕೋಸು ತಿಂದಿತು.

ಅವಳು ಮತ್ತೇನೂ ಮಾಡಲಿಲ್ಲ, ಸುಮ್ಮನೆ ಕಾದಳು. ಕಿತ್ತ ಗಂಟು ಮತ್ತೆ ಬರುವುದಿಲ್ಲ, ಕಿತ್ತ ಕೂದಲು ಬಂದೇ ಬರುತ್ತದೆ. ಮಾರ್ಚಿ ಬರುವಷ್ಟರಲ್ಲಿ ಬಲಗಿವಿಯ ಹಿಂದೆ, ಆಮೇಲೆ ಪಕ್ಕೆಯ ಮೇಲೆ, ನರೆ ಇಣುಕಿತು. "ಸಿಕ್ಕಿಬಿದ್ಯಲ್ಲೋ ಸೆಲ್ವಿನ್!" ಎಂದು ಅವಳು ಖಾಲಿ ಮನೆಯಲ್ಲಿ ಕೂಗಿದಳು. ಖುಷಿಯೇ ಆಯಿತೆನ್ನಬೇಕು. ಅನುಮಾನ ನಿಜವಾದರೆ ಅದೊಂದು ಸುಖ.

ಮಾರನೆಯ ದಿನ ಸೆಲ್ವಿನ್ನನ ಶೆಡ್ಡಿನಲ್ಲಿ ಧಾನ್ಯ ತೆಗೆಯುವಾಗ ಬಾಚಣಿಗೆಗಳ ಡಬ್ಬಿ ಕೆಳಗೆ ಬಿತ್ತು. ಬಾಚಣಿಗೆಗಳ ಜೊತೆ ಒಂದು ಚಿಮಟ ಉರುಳಿಬಂತು. ಹಿಡಿಗೆ ಕೆಂಪು ದಾರ, ಬೆವರಿಗೆ ಕಪ್ಪಾಗಿದ್ದರೂ ಗಂಟು ಅವಳದೇ. ಅವಳ ಕೈಯ ಗಂಟನ್ನು ಅವಳಿಗೆ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಕುರ್ಚಿ ಕೂಡ ಎಳೆದುಕೊಳ್ಳಲಿಲ್ಲ. ಚಿಮಟವನ್ನು ಹೊದಿಕೆಯ ಮೇಲೆ ಒಗೆದಳು.

"ಯಾವಾಗ ಕದ್ದೆ ಇದನ್ನ?"

ಸೆಲ್ವಿನ್ ಅದನ್ನು ನೋಡಿದ, ಅವಳನ್ನು ನೋಡಿದ. "ಕದಿಯೋದಾ? ನಿಮ್ಮ ಯಜಮಾನ್ರೇ ಕೊಟ್ಟಿದ್ದು ಮಾರಾಯ್ತಿ."

"ಸುಳ್ಳು ಬೊಗಳ್ಬೇಡ."

"ಸೊಂಟ ಮುರ್ಕೊಂಡು ಬಿದ್ದಿದೀನಿ, ಸುಳ್ಳು ಹೇಳೋಕೂ ತ್ರಾಣ ಬೇಕು. ಕೂತ್ಕೋ." ಅವಳು ಕೂರಲಿಲ್ಲ. ಅವನೇ ಹೇಳಿದ. "ಸುಲ್ತಾನನಿಗೂ ಕಿವಿ ಹಿಂದೆ ಒಂದು ಚಿಟಿಕೆ ಬಿಳಿ ಇತ್ತು. ಕ್ಲಿಫರ್ಡ್ ಬೆರಳಲ್ಲಿ ಕೀಳ್ತಿದ್ದ, ಹಿಡಿತ ಸಿಕ್ತಿರ್ಲಿಲ್ಲ. ಅದಕ್ಕೇ ನಿನ್ನ ಚೀಲದಿಂದ ಚಿಮಟ ಎತ್ಕೊಂಡ. ಕೊನೇಗೆ ಸಂತಾನದ ಜೊತೆ ಚಿಮಟಾನೂ ನನಗೇ ಕೊಟ್ಟ. ಬೆಳ್ಳಿ ಕಪ್ಪು ಹೆಟ್ಟಿ ಹತ್ರ ಇರುತ್ತೆ ಸೆಲ್ವಿನ್, ಅದರ ಮರ್ಯಾದೆ ಕಾಪಾಡು ಅಂದ."

ಹೆಟ್ಟಿಗೆ ಸುದ್ದಿಪತ್ರಿಕೆಯ ಪೊಟ್ಟಣಗಳು ನೆನಪಾದವು. "ಸತ್ತು ಹುಟ್ತು ಕಣೆ." ಮನೆಯಲ್ಲಿ ಆಗ ಕರಿಯವೂ ಇದ್ದವು, ನರೆಮೈಯವೂ ಇದ್ದವು. ಊರಿನ ತಕ್ಕಡಿಗಳನ್ನೆಲ್ಲ ಕಾದವಳು ಒಂದು ದಿನವೂ ಆ ಪೊಟ್ಟಣ ಬಿಚ್ಚಿ ನೋಡಿರಲಿಲ್ಲ.

"ನಾನು ಬೀಟಿ ಮೇಲೆ ಹೊರಿಸಿದ್ದು ಅವನಿಗೆ ಗೊತ್ತಿತ್ತಾ?"

ಸೆಲ್ವಿನ್ ಕಿಟಕಿಯ ಕಡೆ ಮುಖ ಮಾಡಿದ. "ಗೊತ್ತಿತ್ತು. ಹೇಳ್ಬೇಕು ಹೇಳ್ಬೇಕು ಅಂತಿದ್ದ. ಹೇಳಿದ್ರೆ, ಯಾಕೆ ತಗೊಂಡೆ ಅಂತ ಕೇಳ್ದೆ ನೀನು ಬಿಡ್ತೀಯಾ?"

"ನನ್ನ ಪ್ಯಾನ್ಸಿಗ್ಯಾಕೆ ಬಿಟ್ಟೆ, ಪಾಪಿ?"

"ನೀನೇ ಕೇಳ್ದೆ. ಬೇಡ ಅಂದಿದ್ರೆ ನೀನು ಸುಮ್ನಿರ್ತಿದ್ಯಾ? ಎಲ್ಲ ಮರೀನೂ ಹಾಗಾಗಲ್ಲ, ಅದೃಷ್ಟ ಇದ್ರೆ ತಪ್ಪಿಹೋಗುತ್ತೆ ಅಂದ್ಕೊಂಡೆ." ಅವನು ಅವಳ ಕೈ ಹಿಡಿದ. "ಡ್ಯೂಕ್ ಹೆಸರು ಪ್ರದರ್ಶನಕ್ಕೆ ಕೊಟ್ಟಾಗಿದೆ. ನಾನಿಲ್ಲ ಅಂತ ನೀನು ತಗೊಂಡು ಹೋಗು. ಹಿಂದಿನ ಸಂಜೆ ನಾಲ್ಕು ಕೂದಲು ಕಿತ್ರೆ ಮುಗೀತು. ನಿನ್ನ ಬೆರಳಿನ ಮುಂದೆ ನಮ್ಮದೆಲ್ಲ ಏನು? ಸತ್ತೋನ ಹೆಸರು ಉಳೀಲಿ ಹೆಟ್ಟಿ."

ಹೆಟ್ಟಿ ಕೈ ಬಿಡಿಸಿಕೊಂಡಳು. ಚಿಮಟವನ್ನು ತೆಗೆದುಕೊಂಡಳು.

ಪ್ರದರ್ಶನದ ಹಿಂದಿನ ಸಂಜೆ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಹಾಕಿಕೊಂಡಳು. ಡ್ಯೂಕನನ್ನು ಮಡಿಲಲ್ಲಿಟ್ಟು ಕಿವಿ ಮಡಿಸಿದಳು. ಬೆರಳಿಗೆ ಹಳೆಯ ಕೆಲಸ ಮರೆತಿರಲಿಲ್ಲ, ಮೊದಲ ಬಿಳಿ ಕೂದಲು ಚಿಮಟದ ತುದಿಗೆ ತಾನಾಗಿ ಬಂತು. ಎಳೆದಳು. ಡ್ಯೂಕ್ ಕಿರ್ರೆಂದು ಕೂಗಿ ಅವಳ ಹೊಟ್ಟೆಯೊಳಗೆ ತಲೆ ತೂರಿಸಿತು. ನೋವು ಮಾಡಿದವಳ ಹೊಟ್ಟೆಯಲ್ಲೇ ಬಚ್ಚಿಟ್ಟುಕೊಂಡಿತು. ಒಲೆಯ ಪಕ್ಕದ ಪೆಟ್ಟಿಗೆಯಿಂದ ಕುರುಡು ಮರಿ ಸಣ್ಣದಾಗಿ ಮರುಕೂಗಿತು. ಜೀವಮಾನವಿಡೀ ಕಿತ್ತ ಬಟ್ಟೆ ಒಂದು ಸಲವೂ ಹೀಗೆ ಕೂಗಿರಲಿಲ್ಲ. ಹೆಟ್ಟಿ ಚಿಮಟ ಕೆಳಗಿಟ್ಟು ಅತ್ತಳು, ಕ್ಲಿಫರ್ಡನನ್ನು ಬಾಯಿಗೆ ಬಂದಂತೆ ಬೈದಳು, ಮತ್ತೆ ಅತ್ತಳು.

ಮರುದಿನ ಬಸ್ಸಿನಲ್ಲಿ ಹೋದಳು. ಬುಟ್ಟಿಯಲ್ಲಿ ಡ್ಯೂಕ್, ಕೋಟಿನ ಒಳಗೆ ಬಿಳಿಯ ಮರಿ, ಚೀಲದಲ್ಲಿ ಬೆಳ್ಳಿಯ ಕಪ್ಪು. ಫ್ಲಾಸ್ಕು ಮರೆತಿದ್ದಳು.

ಬಿಳಿ ಕೋಟಿನ ತೀರ್ಪುಗಾರ ಡ್ಯೂಕನನ್ನು ಎತ್ತಿ, "ಆಹಾ, ಎಂಥ ತಲೆ!" ಎಂದು ಹೊಗಳುತ್ತಿದ್ದ. ಹೆಟ್ಟಿ ಮೇಜಿನವರೆಗೂ ನಡೆದಳು.

"ಬಲಗಿವಿ ಮಡಿಸಿ ನೋಡಿ."

"ಮಿಸೆಸ್ ಆಕ್ರಾಯ್ಡ್, ತೀರ್ಪಿನ ನಡುವೆ ಮಾತಾಡೋ ಹಾಗಿಲ್ಲ."

"ನಾನು ಮಾತಾಡ್ದೇ ಇದ್ದಿದ್ದೇ ಸಾಕು. ಅದು ಅಪ್ಪಟ ಕರಿ ಅಲ್ಲ, ನರೆಮೈ. ಕಿತ್ತು ಕಿತ್ತು ಕರಿ ಮಾಡಿರೋದು. ಇದರ ಮುತ್ತಜ್ಜ ಸುಲ್ತಾನೂ ಹಾಗೇ, ಕಿತ್ತೋನು ನನ್ನ ಗಂಡ." ಅವಳು ಬೆಳ್ಳಿಯ ಕಪ್ಪನ್ನು ಮೇಜಿನ ಮೇಲಿಟ್ಟಳು. "ಸುಲ್ತಾನನ ರಕ್ತ ಇರೋದು ಯಾರ ಶೆಡ್ಡಲ್ಲಿದ್ರೂ ನರೆಮೈ ಜೊತೆ ಬಿಡ್ಬೇಡಿ. ಬಿಟ್ರೆ ಏನು ಹುಟ್ಟುತ್ತೆ ಅಂತ ನನ್ನ ಕೋಟಲ್ಲಿದೆ, ಬೇಕಾದೋರು ಬಂದು ನೋಡಿ."

ಯಾರೂ ಬರಲಿಲ್ಲ. ಹಿಂದಿನಿಂದ ಒಬ್ಬ, "ಸತ್ತ ಗಂಡನ ಮಾನ ಹೀಗೆ ಹರಾಜು ಹಾಕೋದಾ" ಎಂದ. ಹೆಟ್ಟಿಗೆ ಅದು ಚುಚ್ಚಿತು. ನೆಟ್ಟಗೆ ಟೀ ಮೇಜಿನ ಕಡೆ ನಡೆದಳು.

ಬೀಟಿ ಕೈಕಟ್ಟಿ ನಿಂತಿದ್ದಳು. ಅವಳ ಕಣ್ಣಿನಲ್ಲಿ ಈಗ ಹೆಟ್ಟಿಯ ಕಣ್ಣಿನಲ್ಲಿರುತ್ತಿದ್ದ ಅನುಮಾನವೇ ಇತ್ತು. "ಏನು ಬೇಕಾಗಿತ್ತು?"

ಹೆಟ್ಟಿ ಕೆಂಪು ದಾರದ ಚಿಮಟವನ್ನು ಕರಪತ್ರಗಳ ಮೇಲೆ ಇಟ್ಟಳು. "ಕ್ಲಿಫರ್ಡ್ ತಗೊಂಡಿದ್ದ. ನೀನು ಕದ್ದಿರ್ಲಿಲ್ಲ."

"ಕದ್ದಿರ್ಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು" ಎಂದಳು ಬೀಟಿ.

ಹೆಟ್ಟಿ ಕೋಟಿನ ಗುಂಡಿ ಬಿಚ್ಚಿದಳು. ಬಿಳಿಯ ಮರಿ ತಲೆ ಹೊರಹಾಕಿ, ಬೆಳಕಿಗಲ್ಲ, ಬಿಸಿಗೆ ಮೂಗು ತಿರುಗಿಸಿತು. "ಅಂಥವನ್ನ ಏನು ಮಾಡ್ತೀರಿ ಅಂತ ಕೇಳಿದ್ಯಲ್ಲ. ಪೇಪರಲ್ಲಿ ಸುತ್ತಿ ಹೂಳ್ತಿದ್ವಿ ಕಣೆ. ನಾನು ನೋಡ್ತಾ ಇರ್ಲಿಲ್ಲ, ಅಷ್ಟೇ."

ಬೀಟಿ ಬೆರಳು ಚಾಚಿದಳು. ಮರಿ ಅದನ್ನು ಹುಡುಕಿ ಚೀಪತೊಡಗಿತು. ಇನ್ನೊಂದು ಕೈಯಲ್ಲಿ ಅವಳು ಟೀ ಬಗ್ಗಿಸಿ ಮುಂದಕ್ಕೆ ತಳ್ಳಿದಳು.

ಹೆಟ್ಟಿ ಮೂಸಿ ನೋಡದೆ ಕುಡಿದಳು.