ನಲವತ್ತನೆಯ ಚಮಚ

ಹಿಮದ ಬೆಟ್ಟಗಳ ನಡುವಿನ ನಾರಿನ್ ಪಟ್ಟಣದ ಆ ನಾಲ್ಕು ಮಹಡಿಯ ಕಟ್ಟಡದವರಿಗೆ ಬುರ್ಮಕಾನ್ ಎಂದರೆ ಭಯವೂ ಇತ್ತು, ಪ್ರೀತಿಯೂ ಇತ್ತು. ಜನವರಿಯಲ್ಲಿ ಮಾತ್ರ ಪ್ರೀತಿ ತುಸು ಜಾಸ್ತಿ. ಮೂವತ್ತೆರಡು ಮನೆಗಳ ಜೀವ ಅವಳ ಸಲಿಕೆಯ ಮೇಲೆ ನಿಂತಿದ್ದಾಗ ಪ್ರೀತಿಸದೆ ಏನು ಮಾಡಿಯಾರು? ಹಿತ್ತಿಲಿನ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಹಾಕಿ ನೀರು ಕಾಯಿಸುವುದು ಅವಳ ಕೆಲಸ. ಕಾದ ನೀರು ಪೈಪು ಹತ್ತಿ, ಮನೆಮನೆಯ ಕಿಟಕಿಯ ಕೆಳಗಿನ ಪೊಳ್ಳು ಕಬ್ಬಿಣದ ಚೌಕಟ್ಟನ್ನು ಬೆಚ್ಚಗೆ ಮಾಡಿ, ತಣ್ಣಗಾಗಿ ಮತ್ತೆ ಅವಳ ಬಳಿಗೇ ಇಳಿದು ಬರುತ್ತಿತ್ತು.

ಮಧ್ಯಾಹ್ನದ ಹೊತ್ತು ಅವಳು ಮರದ ಪೆಟ್ಟಿಗೆಯ ಮೇಲೆ ಕುಳಿತು ಅರ್ಧ ಕಣ್ಣು ಮುಚ್ಚುತ್ತಿದ್ದಳು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆಗ ಅವಳಿಗೆ ನೀರು ಮೆಟ್ಟಿಲು ಹತ್ತುವುದು ಕೇಳಿಸುತ್ತಿತ್ತು. ಇಗೋ ಎರಡನೇ ಮಹಡಿ, ತೊಲೊಗೊನ್ ಮೇಷ್ಟ್ರು ಕೆಮ್ಮಿದರು. ಇಗೋ ಮೂರನೆಯದು, ಕಲಿಪಾ ಯಾರನ್ನೋ ಬೈಯುತ್ತಿದ್ದಾಳೆ. ನಾಲ್ಕನೆಯದರಲ್ಲಿ ಜಿಪಾರಳ ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಆಮೇಲೆ ನೀರು ಕಟ್ಟಡವನ್ನೂ ದಾಟಿ ಮಂಜಿನೊಳಗೆ ನಡೆದು, ಬೆಟ್ಟದ ಮೇಲಿನ ಒಂದು ಮಣ್ಣಿನ ಗುಡಿಸಲಿನ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಗೆ ಅವಳು ಬೆಚ್ಚಿ ಕಣ್ಣು ತೆರೆಯುತ್ತಿದ್ದಳು.

ಆ ಗುಡಿಸಲಿನಲ್ಲಿ ಅವಳು ಇಪ್ಪತ್ತರ ಬಾಣಂತಿಯಾಗಿದ್ದಳು. ಕುರಿಮಂದೆಯೊಂದಿಗೆ ಚಳಿಗಾಲ ಕಳೆಯುವ ಜಾಗ ಅದು. ಹಿಮಗಾಳಿ ಆರು ದಿನ ಬಿಡಲಿಲ್ಲ, ಒಲೆಗಿಟ್ಟಿದ್ದ ಬೆರಣಿ ಮುಗಿಯಿತು, ಬೆರಣಿ ತರಲು ಹೋದ ಗಂಡ ಮರಳುವ ಹೊತ್ತಿಗೆ ಒಲೆ ಆರಿತ್ತು. ಮಗಳು ಬೆರ್ಮೆತ್‌ಗೆ ಅಂದು ಮೂವತ್ತೊಂಬತ್ತು ದಿನ. ನಲವತ್ತನೆಯ ದಿನ ಮಗುವಿಗೆ ನಲವತ್ತು ಚಮಚ ನೀರು ಹೊಯ್ದು ಮೀಯಿಸುವುದು ಅಲ್ಲಿಯ ಪದ್ಧತಿ. ಗಂಡ ಅದಕ್ಕೆಂದೇ ಹಣ್ಣಿನ ಮರದ ತುಂಡಿನಲ್ಲಿ ಒಂದು ಚಮಚ ಕೆತ್ತಿದ್ದ. ಅದು ಒದ್ದೆಯಾಗಲೇ ಇಲ್ಲ.

ಬೆಟ್ಟ ಇಳಿದು ಬಂದ ಗಂಡ ಬಾಯ್ಲರ್ ಕೆಲಸ ಹಿಡಿದ. "ಇನ್ ನಮ್ ಕಣ್ಮುಂದೆ ಒಂದ್ ಒಲೆನೂ ಆರ್ಬಾರ್ದು ಕಣೇ" ಎಂದಿದ್ದ. ಅವನು ತೀರಿಕೊಂಡ ಮೇಲೆ ಸಲಿಕೆ ಅವಳ ಕೈಗೆ ಬಂತು. ಮೂವತ್ತೆಂಟು ವರ್ಷದಲ್ಲಿ ಯಾರ ಮನೆಯ ನಲವತ್ತಕ್ಕೂ ಅವಳು ಹೋಗಲಿಲ್ಲ. ಕರೆದರೆ "ಬೆಂಕಿ ಬಿಟ್ ಬರಕ್ಕಾಗಲ್ಲ" ಎನ್ನುತ್ತಿದ್ದಳು. ಜನ ಅದನ್ನು ಸೊಕ್ಕು ಎಂದುಕೊಂಡರು.

ಆ ವರ್ಷದ ಚಳಿ ಮಾತ್ರ ಎಲ್ಲರ ಸೊಕ್ಕನ್ನೂ ಇಳಿಸಿತು. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ. ಅಣೆಕಟ್ಟಿನಲ್ಲಿ ನೀರು ತಳ ಕಂಡಿದ್ದರಿಂದ ಕರೆಂಟು ಎರಡು ಗಂಟೆ ಬಂದರೆ ಎರಡು ಗಂಟೆ ಇರುತ್ತಿರಲಿಲ್ಲ. ಬೀದಿಯ ನಲ್ಲಿ ನೀರು ನೆಲದೊಳಗೇ ಹೆಪ್ಪುಗಟ್ಟಿತ್ತು. ಕರೆಂಟಿಲ್ಲದಾಗ ಪಂಪು ನಿಂತರೂ ಪೈಪು ತುಂಬಿದ್ದರೆ ಬಿಸಿ ನೀರು ತಾನಾಗಿ ಮೆಲ್ಲಗೆ ಸುತ್ತುತ್ತಿತ್ತು. ಆದರೆ ಪೈಪು ತುಂಬಿರಬೇಕಲ್ಲ? ಗೋಡೆಯ ಮೇಲಿನ ಮಾಪಕದ ಸೂಜಿ ದಿನದಿನಕ್ಕೂ ಇಳಿಯುತ್ತಿತ್ತು. ಅದು ಕೆಂಪು ಗೆರೆ ಮುಟ್ಟಿದರೆ ಬೆಂಕಿ ಆರಿಸಲೇಬೇಕು, ಇಲ್ಲವಾದರೆ ಬಾಯ್ಲರ್ ಸಿಡಿಯುತ್ತದೆ. ಆರಿಸಿದರೆ ಸಂಜೆಯೊಳಗೆ ಪೈಪುಗಳೆಲ್ಲ ಒಡೆದು, ವಸಂತದ ತನಕ ಆ ಮನೆಗಳಲ್ಲಿ ನರಪಿಳ್ಳೆಯೂ ಇರುವಂತಿಲ್ಲ. ಜಿಪಾರಳ ಕೂಸಿಗೆ ಆಗ ಮೂವತ್ತೆಂಟು ದಿನ.

ನೀರು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಬೆಚ್ಚಗಿನ ಕಬ್ಬಿಣದ ಬುಡಕ್ಕೆ ಗುಟ್ಟಾಗಿ ಒಂದು ಪುಟ್ಟ ನಲ್ಲಿ ಸಿಕ್ಕಿಸಿ, ಪಾತ್ರೆ ಬಟ್ಟೆಗೆ ಬಿಸಿನೀರು ಕದಿಯುವುದು ಆ ಊರಿನ ಹಳೆಯ ಚಾಳಿ. ಬೇರೆ ವರ್ಷವಾದರೆ ಕದ್ದಷ್ಟನ್ನು ಬೀದಿಯ ನೀರು ತುಂಬಿಸುತ್ತಿತ್ತು.

ಅವಳು ಅಂಗಳದಲ್ಲಿ ನಿಂತು ಕೂಗಿದಳು. "ಯಾರ್ರೀ ಅದು ನೀರ್ ಕದೀತಿರೋದು? ಈಗ್ಲೇ ಹೇಳ್ಬಿಡಿ!"

ಮೂರನೇ ಮಹಡಿಯ ಕಿಟಕಿ ಒಂದು ಬೆರಳಷ್ಟು ತೆರೆಯಿತು. "ನಾವಂತೂ ಅಲ್ಲಪ್ಪ" ಎಂದಳು ಕಲಿಪಾ. "ಆ ಮೇಷ್ಟ್ರನ್ನ ಕೇಳಕ್ಕ. ಗಡ್ಡ ನೋಡಿದೀಯಾ, ದಿನಾ ನುಣ್ಣಗಿರತ್ತೆ!"

"ನನ್ನ ಗಡ್ಡದ ಸುದ್ದಿಗೆ ಬರ್ಬೇಡಮ್ಮ" ಎಂದು ಕೆಳಗಿನ ಕಿಟಕಿಯಿಂದ ಮೇಷ್ಟ್ರು.

ಒಪ್ಪಿಕೊಂಡವರು ಯಾರೂ ಇಲ್ಲ. ಬುರ್ಮಕಾನ್ ಒಳಗೆ ಹೋಗಿ ಗಂಡನ ಕಾಲದ ತಗಡಿನ ಡಬ್ಬಿಯೊಂದನ್ನು ಹುಡುಕಿ ತೆಗೆದಳು. ಸೋರಿಕೆ ಹುಡುಕಲು ನೀರಿಗೆ ಬೆರೆಸುವ ಹಸಿರು ಬಣ್ಣದ ಪುಡಿ. ಎಷ್ಟು ಹಾಕಬೇಕೆಂದು ಅವಳಿಗೆ ನೆನಪಿರಲಿಲ್ಲ. ಸಿಟ್ಟಿನಲ್ಲಿದ್ದಳಲ್ಲ, ಡಬ್ಬಿ ಪೂರ್ತಿ ಬಾಯ್ಲರ್ ನೀರಿಗೆ ಬಗ್ಗಿಸಿದಳು. ಆ ರಾತ್ರಿ ಕರೆಂಟಿಲ್ಲದ ಕತ್ತಲಲ್ಲಿ ನೀರಿನ ಬಣ್ಣ ಯಾರಿಗೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕಳ್ಳನನ್ನು ಹಿಡಿಯಲು ಮೆಟ್ಟಿಲು ಹತ್ತಿದಳು. ಮೇಷ್ಟ್ರು ಬಾಗಿಲು ತೆರೆದರು. ತೆರೆದವರೇ ಕೈಗಳೆರಡನ್ನೂ ಜೇಬಿಗೆ ತುರುಕಿಕೊಂಡರು, ಆದರೆ ಗಲ್ಲ ಮಾತ್ರ ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಮೇಷ್ಟ್ರೇ, ಇದೇನ್ ವಸಂತ ಬೇಗ ಬಂತಾ ನಿಮ್ಗೆ?"

"ಒಂದ್ ಬೋಗುಣಿ ತಾನೇ ಅಂದ್ಕೊಂಡೆ ಕಣಮ್ಮ" ಎಂದು ಅವರು ತಲೆ ತಗ್ಗಿಸಿದರು.

ಕಲಿಪಾ ಮನೆಯೊಳಗೇ ಕೈಗವಸು ಹಾಕಿಕೊಂಡಿದ್ದಳು. ಎದುರು ಮನೆಯವಳು ಸೆರಗಿನಂತೆ ಶಾಲು ಎಳೆದು ಕೈ ಮುಚ್ಚಿದಳು. ಅವಳ ಪಕ್ಕದವಳು ಹಿಟ್ಟಿನಲ್ಲಿ ಕೈ ಅದ್ದಿಕೊಂಡೇ ಬಂದಳು, ಹಿಟ್ಟೂ ಹಸಿರಾಗಿತ್ತು. ಒಬ್ಬ ಕಳ್ಳನನ್ನು ಹುಡುಕಿ ಹೋದವಳಿಗೆ ಸಿಕ್ಕಿದ್ದು ಮೂವತ್ತೆರಡು ಮನೆ. ಎಲ್ಲರೂ ಒಂದೊಂದೇ ಬೋಗುಣಿ.

ಕೊನೆಗೆ ಜಿಪಾರಳ ಬಾಗಿಲು. ಹುಡುಗಿಯ ಕೈ ಮೊಣಕೈತನಕ ಹಸಿರು. "ಮಗೂ ಬಟ್ಟೆ ತೊಳೆಯೋಕೆ ಬೇರೆ ನೀರೇ ಇರ್ಲಿಲ್ಲ ಅಕ್ಕ" ಎಂದಳು. ಅತ್ತುಬಿಡುವಂತಿದ್ದಳು. ಅವಳ ಹಿಂದೆ ತೊಟ್ಟಿಲಿನಲ್ಲಿ ಕೂಸು ಕೆಂಪಗೆ, ಬೆಚ್ಚಗೆ ಮಲಗಿತ್ತು. "ನಾಳೆ ಅವನ ನಲವತ್ತು. ನೀವ್ ಬರಲ್ಲ ಅಂತ ಗೊತ್ತು, ಆದ್ರೂ ಕರೀತಿದೀನಿ."

ಬುರ್ಮಕಾನ್ ತೊಟ್ಟಿಲನ್ನೇ ನೋಡಿದಳು. ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಕೆಳಗಿನಿಂದ ಹಿಂಬಾಲಿಸಿ ಬಂದಿದ್ದವರು ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ.

"ನಂಗೂ ಒಂದ್ ಮಗು ಇತ್ತು" ಎಂದಳು. "ಬೆರ್ಮೆತ್ ಅಂತ. ಒಲೆ ಆರಿ ಹೋಯ್ತು. ಇವತ್ತು ಈ ಕೂಸಿಗೆ ಎಷ್ಟ್ ದಿನಾನೋ ಅವಳಿಗೂ ಆಗ ಅಷ್ಟೇ ದಿನ. ಸೂಜಿ ಕೆಂಪು ಮುಟ್ಟೋಕೆ ಕೂದಲೆಳೆಯಷ್ಟ್ ಬಾಕಿ ಇದೆ. ಈಗ ನನ್ ಕೈಯಾರೆ ಒಲೆ ಆರ್ಸೋಕೆ ನನಗಾಗಲ್ಲಮ್ಮ."

ಇಷ್ಟು ವರ್ಷ ಅದು ಸೊಕ್ಕಲ್ಲ, ಸಂಕಟ ಎಂದು ತಿಳಿದಾಗ ಕಲಿಪಾಳಂಥ ಕಲಿಪಾಳೇ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಕೈಗವಸು ಕಿತ್ತೆಸೆದು ಹಸಿರು ಕೈಯಲ್ಲಿ ಬಕೆಟ್ಟು ಹಿಡಿದಳು. "ಏನ್ ನೋಡ್ತಾ ನಿಂತ್ರಿ? ಕದ್ದಿದ್ದನ್ನ ವಾಪಸ್ ತುಂಬ್ಸಿ!"

ಊರ ಪಕ್ಕದ ಹೊಳೆಯ ಮೇಲೆ ಮಂಜುಗಡ್ಡೆ ಒಡೆದು ಗುಂಡಿ ಮಾಡಿದರು. ಅಲ್ಲಿಂದ, ಪೈಪುಗಳಿಗೆ ನೀರು ತುಂಬುವ ಅಟ್ಟದ ಮೇಲಿನ ತೊಟ್ಟಿಯವರೆಗೆ ಜನ ಸಾಲು ನಿಂತರು. ದಿನವಿಡೀ ಬಿಳಿ ಮಂಜು. ಅದರಲ್ಲಿ ಮುಖ ಕಾಣದು, ಮೈ ಕಾಣದು; ಹಸಿರು ಕೈಗಳು ಮಾತ್ರ ಒಂದರಿಂದ ಇನ್ನೊಂದಕ್ಕೆ ಬಕೆಟ್ಟು ದಾಟಿಸುತ್ತಿದ್ದವು. ಮಾಪಕದ ಮುಂದೆ ನಿಂತ ಬುರ್ಮಕಾನಳಿಗೆ ಬಾಗಿಲಾಚೆ ಅದು ಕಾಣುತ್ತಿತ್ತು. ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಅವಳಿಗೇ ಅನುಮಾನ. ನೀರು ಮತ್ತೆ ಮೆಟ್ಟಿಲು ಹತ್ತುವುದು ಕೇಳಿಸಿತು. ಸಂಜೆಯೊಳಗೆ ಸೂಜಿ ಎರಡು ಗೆರೆ ಮೇಲೇರಿತ್ತು.

ಮಾರನೆಯ ದಿನ ಮೇಷ್ಟ್ರು ತಾವಾಗಿ ಬಂದು ಸಲಿಕೆ ಕೇಳಿದರು. "ಒಂದ್ ಗಂಟೆ ನಾನ್ ನೋಡ್ಕೋತೀನಿ. ಹೋಗ್ಬಾಮ್ಮ."

ಅವಳು ಪೆಟ್ಟಿಗೆಯ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದುಕೊಂಡು ನಾಲ್ಕನೇ ಮಹಡಿಗೆ ಹೋದಳು. ಹೊಳೆಯ ನೀರನ್ನು ಕಾಯಿಸಿ ಪಾತ್ರೆಯಲ್ಲಿಟ್ಟಿದ್ದರು. ಗಂಟು ಬಿಚ್ಚಿ, ಗಂಡ ಕೆತ್ತಿದ್ದ ಆ ಚಮಚ ಕೊಟ್ಟಳು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬಳೂ ಹೊಯ್ದು, ಎಣಿಸಿ, ಪಕ್ಕದವಳಿಗೆ ಕೊಟ್ಟಳು. ಕೊನೆಗೆ ಬುರ್ಮಕಾನಳ ಸರದಿ. ಕೈಗವಸು ತೆಗೆದಾಗ ಕಲಿಪಾ ಕಿಸಕ್ಕನೆ ನಕ್ಕಳು.

"ಅಯ್ಯೋ ಅಕ್ಕ, ನಿನ್ ಕೈನೂ ಹಸಿರೇ!"

ಡಬ್ಬಿ ಬಗ್ಗಿಸಿದ ಕೈ, ಇನ್ನು ಹೇಗಿರಬೇಕು? ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಚಮಚ ತುಂಬಿ ಕೂಸಿನ ಎದೆಯ ಮೇಲೆ ಹಿಡಿದಳು. ಹಿಂದಿನವಳು ಎಣಿಸಿದ "ಮೂವತ್ತೊಂಬತ್ತು" ಕೋಣೆಯಲ್ಲಿ ಇನ್ನೂ ನಿಂತಿತ್ತು. ಯಾರೂ ಅವಸರ ಮಾಡಲಿಲ್ಲ. ಕಿಟಕಿಯ ಕೆಳಗಿನ ಕಬ್ಬಿಣ ಬೆಚ್ಚಗೆ ಗುಳುಗುಳು ಎಂದಿತು.

ಬುರ್ಮಕಾನ್ ಚಮಚ ಬಗ್ಗಿಸಿದಳು. "ನಲವತ್ತು" ಎಂದಳು.